ತಿದ್ದುವವರಿಲ್ಲದ ಮಾತು

ಯಲಹಂಕ, ೧೨-೮-೧೯೬೧, ಶನಿವಾರ

ಊರಿನಲ್ಲಿ ಲಾವೋ, ಖೋಸಾ ಎರಡು ಭಾಷೆಯನ್ನೂ ಬಲ್ಲವನು ನಾನೊಬ್ಬನೇ. ಅದೇ ಈಗ ಸಂಕಟ.

ಹೋಟೆಲಿನಲ್ಲಿ ತಂಗಿಯ ಮಗ ಪಿಳ್ಳಪ್ಪ ಕೆಣಕಿದ: "ಮಾವ, ಎರಡ್ರಲ್ಲಿ ಯಾವ್ದು ಕಷ್ಟ?"

"ಲಾವೋದಲ್ಲಿ ರಾಗ ತಪ್ಪಿದ್ರೆ ಅರ್ಥಾನೇ ಕೆಡ್ತದೆ ಕಣ್ಲಾ. ಖೋಸಾದಲ್ಲಿ ಎತ್ತು ಓಡ್ಸೋ ಅಂಗೆ ಲೊಚಗುಟ್ಬೇಕು!"

ಮಿಲಿಟರಿ ಲಾರಿ ಓಡಿಸುತ್ತಾ ಕಲಿತದ್ದು. ಯುದ್ಧದ ಕಾಲದಲ್ಲಿ ಈಜಿಪ್ಟಿನಲ್ಲಿ ಜೊತೆಗಿದ್ದ ದಕ್ಷಿಣ ಆಫ್ರಿಕಾದ ಖೋಸಾ ಡ್ರೈವರ್ ಒಂದು ಲೊಚ ತಪ್ಪಿದರೂ ತೊಡೆಗೆ ಬಾರಿಸಿ ತಿದ್ದುತ್ತಿದ್ದ. ಆಮೇಲೆ ಲಾವೋಸಿನಲ್ಲಿ ಸೊಪ್ಪು ಮಾರುವ ಮುದುಕಿ, ರಾಗ ತಪ್ಪಿದರೆ ಬಿದ್ದು ಬಿದ್ದು ನಗುತ್ತಿದ್ದಳು, ಸರಿಯಾಗಿ ಕೇಳುವವರೆಗೂ ಸೊಪ್ಪು ಕೊಡುತ್ತಿರಲಿಲ್ಲ.

ಇವತ್ತು ಬೇಕೆಂದೇ ಎರಡನ್ನೂ ಕಲಸಿ, ಅರ್ಥವಿಲ್ಲದ್ದೇನೋ ಒದರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ನಮ್ಮ ಮಾವನ್ ಮುಂದೆ ಯಾವನೂ ಇಲ್ಲ!" ಎಂದ ಪಿಳ್ಳಪ್ಪ.

ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಈಗ ಮುದುಕಿಯನ್ನು ನೆನೆಸಿಕೊಂಡು, ಸೊಪ್ಪು ಕೊಡು ಎಂದು ಅವಳ ಭಾಷೆಯಲ್ಲಿ ಜೋರಾಗಿಯೇ ಕೇಳಿದೆ. ರಾಗ ಸರಿಯಿತ್ತೋ ತಪ್ಪಿತ್ತೋ, ನನಗೇ ತಿಳಿಯಲಿಲ್ಲ. ಇನ್ನೊಂದು ಸಲ ಕೇಳಿದೆ; ನಗುವವರು ಯಾರೂ ಇರಲಿಲ್ಲ.