ನಿನಗೆ ಮುಟ್ಟದ ಎದುರು ಸೊಲ್ಲು

ಬೈರಸಂದ್ರ
೧೯೬೪ರ ಸುಗ್ಗಿ

ನನ್ನ ಜೊತೆಹಾಡಿನ ಬೈರಮ್ಮಾ,

ಎರಡು ವರ್ಷದಿಂದ ನನ್ನ ಮೇಲೆ ಮುನಿಸಿಕೊಂಡು ಕೂತಿದ್ದೀಯೆ. ಹಟದಲ್ಲಿ ನಿನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಯಾರಿದ್ದಾರೆ ಹೇಳು. ಆದರೂ ಇದನ್ನು ಪೂರ್ತಿ ಓದು. ಒಂದೇ ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರು ನಾವು.

ಸುಗ್ಗಿ ಹುಣ್ಣಿಮೆಗೆ ನಮ್ಮ ಹೊಂಗೆ ತೋಪಿನಲ್ಲಿ ಹೆಂಗಸರೆಲ್ಲ ಎರಡು ಸಾಲಾಗಿ ಎದುರುಬದುರು ಕೂತು ಹಾಡುತ್ತಿದ್ದೆವು. ನೀನು ಸೊಲ್ಲು ಎತ್ತಬೇಕು, ನಾನು ಎದುರು ಸೊಲ್ಲು ಕೊಡಬೇಕು. ಕೊಡದೆ ಸುಮ್ಮನಿದ್ದರೆ ಆ ಸ್ನೇಹ ಮುಗಿಯಿತೆಂದೇ ಅರ್ಥ. ಎಷ್ಟು ಓರಗಿತ್ತಿಯರ ಜಗಳ ಅಲ್ಲೇ ಬಯಲಾಗಿತ್ತು, ನೆನಪಿದೆಯೆ? ನಮಗೆ ಮಾತ್ರ ಆ ಗತಿ ಎಂದೂ ಬಂದಿರಲಿಲ್ಲ.

ಜಯನಗರ ಬಡಾವಣೆ ಬಂದು ತೋಪು ಅದರ ಪಾರ್ಕಾಯಿತು. ಹಬ್ಬ ನಿಲ್ಲಬಾರದು, ಹೊಸ ಕಾಲಕ್ಕೆ ತಕ್ಕಂತೆ ಚೆಂದವಾಗಬೇಕು ಎಂದು ಬಡಾವಣೆಯ ಸಮಿತಿಯ ಬದರಿನಾಥರು ಸ್ಟೇಜು ಕಟ್ಟಿಸಿದರು, ಮೈಕು ತರಿಸಿದರು. ಪಾಪ, ಕೆಟ್ಟವರಲ್ಲ. ಇಬ್ಬರು ಹಾಡಿದರೆ ಮಾತು ಕಲಸಿಹೋಗುತ್ತದೆಂದು ನಿನ್ನೊಬ್ಬಳನ್ನೇ ಮೇಲೆ ಹತ್ತಿಸಿ, ನಮ್ಮನ್ನೆಲ್ಲ ಕುರ್ಚಿಗಳ ಹಿಂದೆ ನೆಲದ ಮೇಲೆ ಕೂರಿಸಿದರು.

"ಕೆರೆಯೇರಿ ಮ್ಯಾಲೆ ಯಾರಿಗೆ ಕಾದೀಯೇ" ಎಂದು ಹಾಡಿ ನೀನು ನಿಲ್ಲಿಸಿದೆ. ನಾನು ಎದ್ದು ನಿಂತು ಕೊಟ್ಟೆ ಕಣೇ, ಗಂಟಲು ಹರಿಯುವಂತೆ ಕೊಟ್ಟೆ. ಆದರೆ ನೀನು ಹಾಡು ಮರೆತೆಯೆಂದುಕೊಂಡ ಬಡಾವಣೆಯ ಜನ ನಿನಗೆ ಧೈರ್ಯ ತುಂಬಲು ಚಪ್ಪಾಳೆ ಹೊಡೆಯುತ್ತಿದ್ದರು. ಆ ಸದ್ದಿನಲ್ಲಿ ನನ್ನ ಸೊಲ್ಲು ನಿನ್ನವರೆಗೆ ಬರಲಿಲ್ಲ. ನೀನು ಕತ್ತು ಚಾಚಿ ನನ್ನನ್ನು ಹುಡುಕಿದ್ದು ಇನ್ನೂ ಕಣ್ಣಲ್ಲಿದೆ. ಇಳಿದು ಬಂದವಳು ಒಂದೇ ಮಾತು ಅಂದೆ: "ನೀನೂ ಅವರೋಳೇ ಆಗ್ಬಿಟ್ಟೆ ಅಲ್ವಾ ಮುನೀ?"

ಬಡಾವಣೆಗೆ ಹೊಲ ಕಳೆದುಕೊಂಡಿದ್ದ ನಿಮ್ಮ ಮನೆಯವರು ಮಾರನೆಯ ದಿನವೇ ಕನಕಪುರದ ಕಡೆಗೆ ಗಾಡಿ ಕಟ್ಟಿದರು. ನಾನು ಓಡಿಬಂದರೆ ನೀನು ಮುಖ ತಿರುಗಿಸಿದೆ.

ಈ ಸಲ ನಿನ್ನ ಊರಿಗೇ ಬಂದು, ನಿನ್ನ ಬಾಗಿಲಲ್ಲಿ ನಿಂತು ಹಾಡಿಬಿಡಬೇಕೆಂದಿದ್ದೆ. ನಿನ್ನೆ ನಿನ್ನಣ್ಣ ಬೋರಣ್ಣ ಸಿಕ್ಕಿದ್ದ. ವಿಷಮಜ್ವರ ಬಂದು ನಿನ್ನ ಕಿವಿ ಎರಡೂ ಹೋದವಂತೆ. ನಡುಬೀದಿಯಲ್ಲೇ ಅತ್ತುಬಿಟ್ಟೆ. ಇನ್ನು ನಾನು ಎಷ್ಟು ಹಾಡಿದರೇನು ಬೈರೀ?

ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ನಾನು ಕೊಟ್ಟ ಸೊಲ್ಲು ಇದು. ರಾಗ ನಿನಗೆ ಗೊತ್ತೇ ಇದೆ.

"ಜೊತೆಗಾತಿ ಬರಲಂತ ಕಾದೀನಿ, ಕತ್ತಲಾದ್ರೂ ಒಬ್ಬಳೇ ಹೋಗಲಾರೆ."

ಊರಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ಈಗಲೂ ನಿನ್ನ ಎದುರು ಸಾಲಿನವಳು,
ಮುನಿಲಕ್ಷ್ಮಮ್ಮ