ಮಾರ್ಚ್ ತಿಂಗಳ ಎಲೆಗೆ ನೀವು ಕೊಟ್ಟ ತೀರ್ಪು

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಮ್ಮ ಕಾಡಿನ ಬಳ್ಳಿಯ ಎಲೆಯಲ್ಲಿ ಸಕ್ಕರೆ ಕಾಯಿಲೆಗೆ ಆಗಿಬರುವ ಯಾವ ಗುಣವೂ ಇಲ್ಲವೆಂದು ವರದಿ ಬರೆದು, ವಿಜ್ಞಾನಿ ರಶೀದಾಬೇಗಂ ಅವರ ಸಂಶೋಧನೆಯನ್ನು ನಿಲ್ಲಿಸಿದ್ದೀರಿ. ನೀವು ಪರೀಕ್ಷಿಸಿದ್ದು ಅದೇ ಬಳ್ಳಿಯ, ಕೆಲಸಕ್ಕೆ ಬಾರದ ಕಾಲದ ಎಲೆಯನ್ನು. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಕಿತ್ತು ನಿಮ್ಮ ಚೀಲ ತುಂಬಿದವಳು ನಾನೇ.

ನಾನು ಕುಂಚಾವರಂ ಕಡೆಯವಳು. ಓದಿದ್ದು ಐದನೆಯ ತನಕ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಬಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ವಾರದೊಳಗೆ ಬೇರುಸಮೇತ ಮಾಯವಾಗುತ್ತದೆ.

ರಶೀದಾ ಮೇಡಂ ಶಹಾಬಾದದವರು. ಎರಡು ವರ್ಷ ನಮ್ಮ ಮನೆಗೆ ಬಂದು, ಸಕ್ಕರೆ ಕಾಯಿಲೆಯವರಿಗೆ ಈ ಎಲೆಯ ರಸ ಕೊಡುವ ನನ್ನ ಆಯಿ, ಅಂದರೆ ಅಜ್ಜಿ, ಭೀಮಬಾಯಿಯ ಪಕ್ಕ ಕುಳಿತು ಎಲ್ಲ ಬರೆದುಕೊಂಡರು. ಇನ್ಸುಲಿನ್ ಮಾಡುವ ಜೀವಕೋಶದ ಗೋಡೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆಯಂತೆ. ಅಯಾನು ವಾಹಿನಿ ಎಂದು ಅವುಗಳ ಹೆಸರು. ರಕ್ತದಲ್ಲಿ ಸಕ್ಕರೆ ಏರಿದಾಗ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದರೆ ಇನ್ಸುಲಿನ್ ಹೊರಗೆ ಬರುತ್ತದೆ. ನಮ್ಮ ಎಲೆಯ ರಸ ಆ ಬಾಗಿಲುಗಳನ್ನು ಆಡಿಸುತ್ತದೆಯೋ ಇಲ್ಲವೋ, ಅದೇ ಅವರ ಪ್ರಶ್ನೆ.

"ಹಂಗಾದ್ರ ಹಿತ್ತಲ ಬಾಗಲಾ ಮುಚ್ಚಿದ್ರ ಮುಂದಿನ ಬಾಗಲಾ ತೆರೀತದ ಅನ್ರಿ," ಎಂದಳು ಆಯಿ. "ನಮ್ಮ ಮನೀದು ಎರಡೂ ಮುಚ್ಚಂಗಿಲ್ಲ ನೋಡ್ರಿ!"

ಮೇಡಂ ನಕ್ಕರು. "ಆದ್ರ ಆಯಿ, ಪರೀಕ್ಷಾ ಮುಗಿಯೋ ತನಕ ಯಾರಿಗೂ ಗುಳಿಗಿ ಬಿಡ್ರಿ ಅನಬ್ಯಾಡ್ರಿ."

ಆಯಿ ಯಾವತ್ತೂ ಅಂದವಳಲ್ಲ. ನನ್ನ ಅವ್ವ ಇವತ್ತಿಗೂ ಸಕ್ಕರೆ ಕಾಯಿಲೆಗೆ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಾಳೆ.

ಎಲೆ ಕೀಳುವ ಮೊದಲು ಆಯಿ ಒಂದು ಎಲೆ ಅಗಿದು, ನಾಲಿಗೆಯ ಮೇಲೆ ಬೆಲ್ಲದ ಚೂರು ಇಟ್ಟುಕೊಳ್ಳುತ್ತಾಳೆ. ಬೆಲ್ಲ ಮಣ್ಣಿನಂತೆ ಸಪ್ಪಗಾದರೆ ಎಲೆ ಬಲಿತಿದೆ. ಸಿಹಿ ಹತ್ತಿದರೆ ಬರಿಗೈಯಲ್ಲಿ ವಾಪಸ್. ಮಳೆ ಹಿಡಿದು ಹೂ ಬಿಟ್ಟ ಮೇಲೆಯೇ ಅದು ಬಲಿಯುವುದು. ಮೇಡಂ ಇದನ್ನೂ ಬರೆದು ನಿಮಗೆ ಕಳಿಸಿದ್ದರು. ಓದಲು ತಮಗೆ ಪುರುಸೊತ್ತು ಎಲ್ಲಿ? ವರ್ಷದ ವರದಿ ಮಾರ್ಚಿನೊಳಗೆ ಮುಗಿಯಬೇಕೆಂದು ಆದೇಶ ಹೊರಡಿಸಿದಿರಿ. ಮೇಡಂ ಒಲ್ಲೆ ಎಂದಾಗ ಅವರನ್ನು ಬಿಟ್ಟು ಜೀಪು ಕಳಿಸಿದಿರಿ. ಆದೇಶಕ್ಕೆ ಹೆದರಿ ಹೂ ಬಿಡಲು ಬಳ್ಳಿಯೇನು ನಿಮ್ಮ ಕಚೇರಿಯ ಗುಮಾಸ್ತನೇ?

"ಈಗ ಬ್ಯಾಡ್ರಿ ಸಾಹೇಬ್ರ, ಮಳಿ ಆಗ್ಲಿ," ಎಂದು ಆಯಿ ಬೇಡಿಕೊಂಡಳು. ಜೀಪಿನಲ್ಲಿ ಬಂದ ಅಧಿಕಾರಿ ಕೇಳದಿದ್ದಾಗ ಎಲೆ, ಬೆಲ್ಲ ಎರಡೂ ಅವನ ಕೈಗಿಟ್ಟಳು. ಆತ ಎಲೆ ಅಗಿದ, ಬೆಲ್ಲ ತಿಂದ.

"ಬೆಲ್ಲ ಭಾಳ ಛಲೋ ಅದ, ಆಯಿ! ಎಲ್ಲಿಂದ ತಂದಿ?"

ತನ್ನ ನಾಲಿಗೆಯೇ ಸಾಕ್ಷಿ ನುಡಿದದ್ದು ಆ ಮಹಾಶಯನಿಗೆ ತಿಳಿಯಲಿಲ್ಲ. ಆಯಿ ಒಳಗೆ ಹೋಗಿಬಿಟ್ಟಳು. ಆತ ನನ್ನತ್ತ ತಿರುಗಿ, "ನೀನರ ಹರದು ಕೊಡವಾ," ಎಂದ. ತಲೆ ಬಗ್ಗಿಸಿ ಎರಡು ಚೀಲ ತುಂಬಿದೆ.

ವರದಿ ಬಂತು. ಪೇಪರಿನವರು ಮೂಢನಂಬಿಕೆ ಎಂದು ಬರೆದರು. ಚಹಾ ಅಂಗಡಿಯ ರಾಮಲಿಂಗ, "ಏನ ಆಯಿ, ಸರಕಾರ ನಿನ್ನ ಎಲಿಗಿ ಸೊನ್ನಿ ಕೊಟ್ಟದಂತಲ್ಲ!" ಎಂದು ಎಲ್ಲರೆದುರು ನಕ್ಕ. ಐವತ್ತು ಮಳೆಗಾಲ ತಪ್ಪದೆ ಕಾಡಿಗೆ ಹೋದವಳು ಈ ಸಲ ಹೊಸ್ತಿಲು ದಾಟಿಲ್ಲ. ಬಲಿತ ಎಲೆಯನ್ನು ಗುರುತಿಸುವ ನಾಲಿಗೆ ನಮ್ಮೂರಲ್ಲಿ ಇಷ್ಟು ದಿನ ಅದೊಂದೇ. ಅದೂ ಸುಮ್ಮನಾದ ಮೇಲೆ ನಿಮ್ಮ ಯಂತ್ರಗಳಿಗೆ ಯಾವ ಎಲೆ ತಿನ್ನಿಸುತ್ತೀರಿ?

ಈ ಎಲೆ ರೋಗ ಕಳೆಯುತ್ತದೆ ಎಂದು ನಾನು ವಾದಿಸುತ್ತಿಲ್ಲ. ನಾಲಿಗೆ ಬೇರೆ, ರಕ್ತ ಬೇರೆ. ಮೇಡಂ ಅಷ್ಟು ಕಲಿಸಿದ್ದಾರೆ. ಸರಿಯಾದ ಎಲೆ ಪರೀಕ್ಷಿಸಿ, ಆಮೇಲೆ ಇಲ್ಲವೆನ್ನಿ. ಆ ವರದಿಯನ್ನು ಆಯಿಗೆ ನಾನೇ ಓದಿ ಹೇಳುತ್ತೇನೆ. ಆದರೆ ಮಾರ್ಚಿನ ಎಲೆಯ ವರದಿಯನ್ನು ಹಿಂತೆಗೆದುಕೊಳ್ಳಿ. ನೀವು ಫೈಲುಗಳ ಕೋಣೆಗೆ ತಳ್ಳಿದ ಮೇಡಂ ಅವರನ್ನು ಹೂ ಉದುರುವ ಮೊದಲು ಇಲ್ಲಿಗೆ ಕಳಿಸಿ.

ನಿನ್ನೆ ನಾನೊಬ್ಬಳೇ ಕಾಡಿಗೆ ಹೋಗಿದ್ದೆ. ಎಲೆ ಅಗಿದು, ಬೆಲ್ಲ ಇಟ್ಟುಕೊಂಡೆ. ಮಣ್ಣಾಯಿತು. ತಾವೂ ಬನ್ನಿ, ಬೆಲ್ಲ ನಮ್ಮದೇ.

ಇಂತಿ,
ನಿಮ್ಮ ಎರಡು ಚೀಲ ತುಂಬಿಕೊಟ್ಟು, ಆ ದಿನ ಬಾಯಿ ಬಿಡದ
ಭಾಗ್ಯ