ಅಡುಗೆಮನೆಯ ಅದೃಷ್ಟ

ರೀ,

ಸ್ಯಾಂಡ್‌ವಿಚ್ ಬುಟ್ಟಿಯಲ್ಲಿವೆ, ಮೇಲೆ ಒದ್ದೆ ಬಟ್ಟೆ ಹೊದಿಸಿದ್ದೇನೆ. ಮ್ಯಾಚ್ ನೋಡಲು ನಿಮ್ಮ ಮಂದಿ ಬರುವವರೆಗೆ ತೆಗೆಯಬೇಡಿ, ಬ್ರೆಡ್ ಒಣಗಿ ಖಡಕ್ ರೊಟ್ಟಿಯಾಗುತ್ತದೆ.

ಒಳಗಿರುವುದು ಬೆಣ್ಣೆ, ಸೌತೆಕಾಯಿ, ಕೊತ್ತಂಬರಿ ಚಟ್ನಿ, ಅಷ್ಟೇ. ಹಾಲಸಿದ್ದಪ್ಪ ಮೇಷ್ಟ್ರಿಗೆ ಆ ಖಾರ ಸಾಲದು; ಅವರದಕ್ಕೆ ಗುರೆಳ್ಳು ಪುಡಿ ಹಾಕಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಿರ್ಚಿ-ಮಂಡಕ್ಕಿ ಈ ಸಲ ಇಲ್ಲ. ಹೋದ ಸಲ ಎಣ್ಣೆಗೈಯಲ್ಲಿ ಟಿ.ವಿ. ಗುಂಡಿ ತಿರುವಿದ್ದು ಯಾರೆಂದು ನನಗೆ ಗೊತ್ತಿದೆ.

ಚಹಾ ಫ್ಲಾಸ್ಕಿನಲ್ಲಿದೆ, ನೀವೇ ಬಗ್ಗಿಸಿಕೊಳ್ಳಿ. ಅಡುಗೆಮನೆಯಲ್ಲಿ ನಾನಿರುವುದಿಲ್ಲ.

ಹಿಂದಿನ ಎರಡು ಮ್ಯಾಚಿನಲ್ಲೂ ನಾನು ಬಾಗಿಲಿಗೆ ಬಂದರೆ ಸಾಕು, "ಒಳಗ ಹೋಗ, ನೀ ಹೊರಗ ಬಂದ್ರ ವಿಕೆಟ್ ಬೀಳತೈತಿ" ಎಂದು ಓಡಿಸಿದಿರಿ. ನಮ್ಮವರು ಗೆದ್ದರು. ನಾನು ಒಲೆ ಮುಂದೆ ಕೂತು ನಿಮ್ಮ ಚಪ್ಪಾಳೆ ಕೇಳಿದೆ.

ಇವತ್ತು ಕಂಟೋನ್ಮೆಂಟಿಗೆ ಶಿವಬಸಕ್ಕನ ಮನೆಗೆ ಹೋಗಿ, ಟಿ.ವಿ. ಎದುರಿಗೇ ಕೂತು ನೋಡುತ್ತೇನೆ. ಸೋತರೆ ಎಷ್ಟು ಬೇಕಾದರೂ ಬೈಯಿರಿ. ಗೆದ್ದರೆ ಮಾತ್ರ, ನಿಮ್ಮದೇ ಶಾಸ್ತ್ರದ ಪ್ರಕಾರ, ಇನ್ನು ಮೇಲೆ ಪ್ರತಿ ಮ್ಯಾಚಿಗೂ ನಾನು ಟಿ.ವಿ. ಮುಂದೆಯೇ ಇರಬೇಕಾಗುತ್ತದೆ.

ಬ್ರೆಡ್ ಕೊಯ್ಯುವ ಚಾಕು ಒಲೆ ಪಕ್ಕದ ಗೂಡಿನಲ್ಲಿದೆ. ಮುಂದಿನ ಮ್ಯಾಚಿಗೆ ನಿಮಗೇ ಬೇಕಾದೀತು, ಈಗಲೇ ನೋಡಿಟ್ಟುಕೊಳ್ಳಿ.